ಎಡಗಡೆಯ ತಾಳ

ನನ್ನ ಅಳಿಯನ ತಲೆಯ ಮೇಲೆ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಕೂದಲು ಅಮುಕಿ ಹೋಗಿ ಒಂದು ಗೆರೆ ಬಿದ್ದಿತ್ತು. ನೊಗ ಹೊತ್ತ ಎತ್ತಿನ ಹೆಗಲಿಗೆ ಬೀಳುತ್ತದಲ್ಲ, ಹಾಗೆ. ಎಣ್ಣೆ ಹಚ್ಚಿ ಎರೆದರೂ ಹೋಗುತ್ತಿರಲಿಲ್ಲ. ದಿನವಿಡೀ ಹೆಡ್‌ಫೋನ್ ಹಾಕಿಕೊಂಡು ಕೂಡುವವನಿಗೆ ಮತ್ತೇನಾಗುತ್ತದೆ?

ಅವನು ನನ್ನ ತಮ್ಮನ ಮಗ. ಇಂಗಳೇಶ್ವರದಿಂದ ಬಂದು ನನ್ನ ಮಗಳನ್ನು ಮದುವೆಯಾಗಿ ಸಿಂದಗಿಯಲ್ಲಿ ನಮ್ಮ ಮನೆಯಲ್ಲೇ ಉಳಿದ. ಮನೆಅಳಿಯ ಎಂದು ಓಣಿಯವರು ಆಡಿಕೊಂಡರು. ನಾನೂ ಆಡಿಕೊಂಡೆ, ನನ್ನ ಬಾಯಿ ಅಂಥದ್ದು. ತೊಡೆಯ ಮೇಲೆ ಆಡಿಸಿದ ಹುಡುಗ ಅಳಿಯನಾದ ಅಂತ ಅವನಿಗೆ ಬಹುವಚನ ಹಚ್ಚಲು ನನಗೆ ಬರಲಿಲ್ಲ. ಅವನೂ ನನಗೆ ಅತ್ತಿ, ನೀ ಎಂದೇ ಅನ್ನುತ್ತಿದ್ದ.

ಬಸ್‌ಸ್ಟ್ಯಾಂಡಿನ ಹಿಂದೆ ಅವನ ಅಂಗಡಿ. ಕ್ಯಾಸೆಟ್ಟಿನ ಕಾಲ ಮುಗಿಯುತ್ತ ಬಂದಿತ್ತು. ಮದುವೆಯ ಹಾಡು, ಭಜನೆ, ಪುರಾಣ ಅಂತ ಜನ ಹಳೆಯ ಕ್ಯಾಸೆಟ್ ತರುತ್ತಿದ್ದರು. ಅವನು ಅವನ್ನು ಕಂಪ್ಯೂಟರಿಗೆ ಇಳಿಸಿ ಸೀಡಿ ಮಾಡಿ ಕೊಡುತ್ತಿದ್ದ. ಆ ಕಂಪ್ಯೂಟರಿಗೆ ಮೇಲಿಂದ ಮೇಲೆ ವೈರಸ್ ಹತ್ತುತ್ತಿತ್ತು. ಬೇಸತ್ತು ಇದ್ದದ್ದನ್ನೆಲ್ಲ ಅಳಿಸಿ ಲಿನಕ್ಸ್ ಅನ್ನುವುದನ್ನು ಹಾಕಿದ. ಅದು ಪುಕ್ಕಟೆ ಸಿಗುತ್ತದಂತೆ. ಪರದೆಯ ಮೇಲೆ ಹೊಟ್ಟೆ ಬಿಳಿ, ಬೆನ್ನು ಕಪ್ಪು ಇರುವ ಒಂದು ಹಕ್ಕಿ ಕೂತಿರುತ್ತಿತ್ತು. ನಾನು ಅದಕ್ಕೆ ಬಾತುಕೋಳಿ ಅನ್ನುತ್ತಿದ್ದೆ. ಹಾಕಿದ ಹೊಸದರಲ್ಲಿ ಸೀಡಿ ತಿರುಗುತ್ತಿತ್ತು, ದನಿ ಇಲ್ಲ. ಪುಕ್ಕಟೆಯದು ಹೀಗೇ ಅಂದೆ. ಅವನು ನಕ್ಕ. ಇದು ಬರುವಾಗಲೇ ಬಾಯಿ ಮುಚ್ಚಿಕೊಂಡು ಬರುತ್ತದೆ, ನಾವೇ ಬಿಡಿಸಬೇಕು ಅಂದು ಪರದೆಯ ಮೇಲೆ ಏನೋ ಒತ್ತಿದ. ಹಾಡು ಬಂತು.

ಏನು ಕೆಟ್ಟರೂ ಅವನು ಸಿಡಿಮಿಡಿ ಮಾಡುತ್ತಿರಲಿಲ್ಲ. ಅದನ್ನು ನೋಡಿ ನನಗೆ ಸಿಟ್ಟು ಬರುತ್ತಿತ್ತು. "ಒಮ್ಮಿಗೆ ಒಂದ ಬದಲ್ ಮಾಡಬೇಕು, ಅತ್ತಿ. ಎರಡು ಬದಲ್ ಮಾಡಿದ್ರ ತಪ್ಪು ಯಾವುದರದು ತಿಳಿಯೂದಿಲ್ಲ" ಅನ್ನುತ್ತಿದ್ದ. ದೀಪ ಹತ್ತದಿದ್ದರೆ ಮೊದಲು ಬಲ್ಬು, ಆಮೇಲೆ ಹೋಲ್ಡರು, ಆಮೇಲೆ ವಾಯರು. ಅಲ್ಲಿಯವರೆಗೆ ನಾವು ಕತ್ತಲಲ್ಲಿ ಕೂಡಬೇಕು. ಒಂದು ದಿನ ನನ್ನ ರೊಟ್ಟಿ ಹರಿಯುತ್ತಿದ್ದವು. ಒಲೆಯ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತು, "ಮೊದಲ ಹಿಟ್ಟು ಬದಲ್ ಮಾಡಿ ನೋಡು, ನೀರು ಹಂಗ ಇರ್ಲಿ" ಅಂದ.

"ಮೊದಲ ಅಳ್ಯಾನ್ನ ಬದಲ್ ಮಾಡಿ ನೋಡ್ತೇನಿ" ಅಂದೆ.

ಮಗಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವನೂ ನಕ್ಕ. ಹಿಟ್ಟು ಬದಲಿಸಿದೆ, ರೊಟ್ಟಿ ನೆಟ್ಟಗೆ ಬಂದವು.

ಲಿನಕ್ಸ್ ಹಾಕಿದ ಮೇಲೆ ಸ್ವಲ್ಪ ದಿನಕ್ಕೆ ಎಡಗಡೆಯ ದನಿ ಕಡಿಮೆ ಬರುತ್ತದೆ ಅನ್ನತೊಡಗಿದ. ಹೊಸದು, ಇನ್ನೂ ಕೈ ಕೂಡಿಲ್ಲ, ಅದಕ್ಕೇ ಇರಬೇಕು ಅಂದ. ಎಡಗಡೆಯದನ್ನು ಏರಿಸಿ ಏರಿಸಿ ಸೀಡಿ ಮಾಡಿ ಕೊಟ್ಟ. ಹಾಗೇ ತಿಂಗಳುಗಳು ಹೋದವು. ಎಲ್ಲವನ್ನೂ ಒಂದೊಂದಾಗಿ ಹಿಡಿದು ನೋಡುವವನು ಇದೊಂದನ್ನು ನೋಡದೆ ಬಿಟ್ಟ. ಹೊಸದಾಗಿ ಬಂದವರ ಮೇಲೆ ತಪ್ಪು ಹಾಕುವುದು ಯಾರಿಗಾದರೂ ಸಲೀಸು.

ಒಂದು ಮಧ್ಯಾಹ್ನ ಬುತ್ತಿ ಕೊಡಲು ಹೋದಾಗ ಆಲಮೇಲದ ಭಜನೆಯವನೊಬ್ಬ ಸೀಡಿ ಹಿಡಿದುಕೊಂಡು ಜಗಳಕ್ಕೆ ನಿಂತಿದ್ದ. "ಏನ್ ಮಾಡಿಟ್ಟೀರಿ ಇದನ್ನ? ತಾಳ ನಮ್ಮ ಹಾಡನ್ನ ತಿನ್ನಾಕತ್ತೈತಿ. ಮುದುಕರು ಹಾಡಿದ್ದು ಒಂದಕ್ಷರ ತಿಳಿವಲ್ದು." ಅಳಿಯ ಹೆಡ್‌ಫೋನ್ ಹಾಕಿಕೊಂಡು ಕೇಳಿದ. ಅವನ ಹುಬ್ಬು ಗಂಟಾಯಿತು. ಸರಿ ಮಾಡಿ ಇಟ್ಟಿರುತ್ತೇನೆ, ನಾಳೆ ಬರ್ರಿ ಎಂದು ಆ ಮನುಷ್ಯನನ್ನು ಕಳಿಸಿ, ತಾಳ ಎಲ್ಲೋ ಬಾವಿಯ ತಳದಲ್ಲಿ ಹೊಡೆದ ಹಾಗೆ ಇದೆ, ಇವನಿಗೆ ಅದು ಜೋರು ಹೇಗೆ ಕೇಳುತ್ತದೆ ಅಂದ.

ಬುತ್ತಿ ಬಿಚ್ಚಲಿಲ್ಲ. ಬೇರೆ ಸೀಡಿ ಹಾಕಿದ, ಎಡಗಡೆ ಕ್ಷೀಣ. ಭಜನೆಯದನ್ನೇ ಮತ್ತೆ ಹಾಕಿ, ಪರದೆಯ ಮೇಲೆ ಎಡ ಬಲ ಎರಡೂ ಸಮ ಇವೆಯೋ ಎಂದು ನೋಡಿದ, ಸಮ ಇದ್ದವು. ಪೆಟ್ಟಿಗೆ ಬಿಚ್ಚಿ ಒಳಗಿನ ಸಣ್ಣ ವಾಯರು ಬದಲಿಸಿದ. ಎಡಗಡೆ ಆಗಲೂ ಅಷ್ಟೇ. ಸೀಡಿ ಹೋಗುವ ಬಾಯಿಯ ಕೆಳಗೆ ಒಂದು ತೂತು ಇರುತ್ತದೆ, ಹೆಡ್‌ಫೋನಿನ ಪಿನ್ನು ಕಿತ್ತು ಅದಕ್ಕೆ ಚುಚ್ಚಿದ. ಇಲ್ಲಿಂದ ದನಿ ನೇರ ಬರುತ್ತದೆ, ಲಿನಕ್ಸಿಗೂ ಇದಕ್ಕೂ ಸಂಬಂಧವಿಲ್ಲ, ನಿನ್ನ ಬಾತುಕೋಳಿ ಮಲಗಿದರೂ ಹಾಡು ಬರುತ್ತದೆ ಎಂದು ನನಗೆ ಹೇಳಿದ. ಹಾಡು ಬಂತು. ಎಡಗಡೆ ಅಷ್ಟೇ.

ಆಗ ಹೆಡ್‌ಫೋನನ್ನು ತಿರುವಿ ಹಾಕಿಕೊಂಡ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ತಾಳ ಬಲಗಿವಿಯಲ್ಲಿ ಖಣಖಣ ಕೇಳಿತಂತೆ. ಬಲಗಡೆ ಇದ್ದ ಏಕತಾರಿ ಈಗ ಬಾವಿಗೆ ಬಿದ್ದಿತ್ತು. ತೆಗೆದು ನನ್ನ ಕಡೆ ಚಾಚಿದ.

"ಅತ್ತಿ, ಇದನ್ನ ನೀ ಹಾಕ್ಕೋ."

"ನನಗ್ಯಾಕೋ ಈ ಮೂಗದಾಣಿ?"

"ಹಾಕ್ಕೋ."

ಸೆರಗಿನ ಮೇಲೆಯೇ ಇಟ್ಟ. ಎಡಗಡೆ ಏನು ಕೇಳುತ್ತದೆ ಅಂದ. ತಾಳ ಅಂದೆ. ಬಲಗಡೆ ಏನು ಅಂದ. ಏಕತಾರಿ. ಯಾವುದು ಜೋರು ಅಂದ.

"ತಾಳಾನ ಜೋರ ಐತಲ್ಲೋ, ಕಿವಿ ಹರದೀತು" ಅಂದೆ.

ಸೀಡಿ ಆಗಿತ್ತು, ವಾಯರು ಆಗಿತ್ತು, ಲಿನಕ್ಸೂ ಆಗಿತ್ತು. ಕೊನೆಗೆ ಅವನು ಬದಲಿಸಿ ನೋಡಿದ್ದು ತಲೆಯನ್ನು.

"ಮಷೀನ್ ಛಲೋ ಐತಿ, ಅತ್ತಿ" ಅಂದ.

ಆಮೇಲೆ ಬುತ್ತಿ ಬಿಚ್ಚಿ ಉಂಡ. ಕೈ ತೊಳೆದು ಬಂದು ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡ. ಈಗ ಹೇಗೆ, ಈಗ ಹೇಗೆ ಎಂದು ನನ್ನನ್ನು ಕೇಳಿ ಕೇಳಿ ತಾಳ ಇಳಿಸಿದ. ಆಲಮೇಲದವರ ಸೀಡಿ ಆವತ್ತು ನನ್ನ ಕಿವಿಯಿಂದ ಸರಿಯಾಯಿತು. ಏಳುವಾಗ, ಮನೆಯಲ್ಲಿ ನೀ ಏನೂ ಹೇಳಬೇಡ, ಆಕೆಗೆ ನಾನೇ ಹೇಳುತ್ತೇನೆ ಅಂದ.

ಇಂಡಿ ಊರಿನ ಮೇಲೆ ಹಾಯ್ದು ಸೊಲ್ಲಾಪುರದ ಆಸ್ಪತ್ರೆಗೆ ಹೋದೆವು. ಕಿವಿಯಲ್ಲಿ ಏನೂ ಇರಲಿಲ್ಲ. ಕಿವಿಯ ಹಿಂದೆ, ತಲೆಯ ಒಳಗೆ ಗಡ್ಡೆ ಇತ್ತು. ಕೆಟ್ಟ ಗಡ್ಡೆ. ಮೊದಲೇ ಬಂದಿದ್ದರೆ, ಎಂದು ಡಾಕ್ಟರು ಅರ್ಧಕ್ಕೆ ನಿಲ್ಲಿಸಿದರು.

"ನಾ ಇಷ್ಟ ದಿನ ತಪ್ಪು ಮಷೀನಿನ ಮ್ಯಾಲ ಹಾಕ್ಕೋತ ಕುಂತಿದ್ನಿರಿ" ಅಂದ ಅಳಿಯ. ಡಾಕ್ಟರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು.

ತಲೆ ಬಿಚ್ಚಿ ಗಡ್ಡೆ ತೆಗೆದರು. ಅದು ಮತ್ತೆ ಬೆಳೆಯಿತು. ಅಂಗಡಿಗೆ ಕೀಲಿ ಬಿತ್ತು. ಎಡಗಿವಿ ಪೂರಾ ಹೋಯಿತು, ಕಾಲಿನ ಬಲವೂ ಹೋಗಿ ಹಾಸಿಗೆ ಹಿಡಿದ. ನೋಡಲು ಬಂದವರೆಲ್ಲ ಬಲಗಡೆ ಕೂಡುತ್ತಿದ್ದರು. ಅಲ್ಲಿ ಆಡಿದರೆ ಅವನಿಗೆ ಕೇಳುತ್ತಿತ್ತು. ಮಗಳು ಆ ಕಡೆ ಬಿಟ್ಟು ಏಳುತ್ತಿರಲಿಲ್ಲ.

ನಾನು ಹುಟ್ಟಿದಾಗಿನಿಂದ ಯಾರಿಗೂ ಮೆತ್ತಗೆ ಮಾತಾಡಿದವಳಲ್ಲ. ಒಂದು ಸಂಜೆ ಗಂಜಿಯ ಬಟ್ಟಲು ಹಿಡಿದುಕೊಂಡು ಹೋಗಿ, ಗೋಡೆಗೆ ಒತ್ತಿಕೊಂಡು ಅವನ ಎಡಗಡೆ ಕೂತೆ. ಅವನ ಕಣ್ಣು ಮುಚ್ಚಿದ್ದವು. ಆ ಕಿವಿಯ ಹತ್ತಿರ ಬಾಯಿಟ್ಟು, "ಹೋಗಬ್ಯಾಡೋ ನನ್ನಪ್ಪಾ, ನೀ ಇಲ್ಲದ ಮನ್ಯಾಗ ನಾ ಹೆಂಗ ಇರ್ಲಿ" ಅಂದೆ. ಇನ್ನೂ ಏನೇನೋ ಅಂದೆ.

ಕಣ್ಣು ತೆರೆದ. ನನ್ನ ತುಟಿ ಆಡುವುದು ಕಂಡಿರಬೇಕು.

"ಏನಂದಿ, ಅತ್ತಿ? ಈ ಕಡೆ ಬಂದು ಹೇಳು" ಅಂದ.

ಎದ್ದು ಬಲಗಡೆ ಹೋದೆ. ಅಲ್ಲಿ ಮಗಳು ಕೂತಿದ್ದಳು.

"ಗಂಜಿ ಆರಾಕತ್ತೈತಿ, ಕುಡಿ" ಅಂದೆ.

ಅವನಿಗೆ ಹಸಿವು ಇರಲಿಲ್ಲ. ಕುಡಿ ಅಂದೆ ಅಂತ ಬಟ್ಟಲು ಪೂರಾ ಕುಡಿದ. ಮರುದಿನ ಹೊತ್ತೇರುವುದರೊಳಗೆ ತೀರಿಕೊಂಡ.