ಓಬಳಮ್ಮನ ಹೆಸರಿಗೆ

ಮಂಚೇನಹಳ್ಳಿಯ ನರಸಿಂಹಪ್ಪನಿಗೂ ಅವನ ಮಗ ಮುರಳಿಮೋಹನನಿಗೂ ಒಂದು ದೊಡ್ಡಸ್ತಿಕೆಯಿತ್ತು. ಗಂಡಸರಾಗಿ ಹುಟ್ಟಿದ ಮೇಲೆ ಅವರು ಅಡುಗೆಮನೆಯ ಹೊಸ್ತಿಲು ದಾಟಿದವರಲ್ಲ. ನೀರು ಬೇಕಾದರೂ ಜಗಲಿಯಿಂದಲೇ ಕೂಗು. ನರಸಿಂಹಪ್ಪನ ಹೆಂಡತಿ ಓಬಳಮ್ಮ ಹಾಲು ಕರೆಯುವುದನ್ನು ಅರ್ಧಕ್ಕೆ ಬಿಟ್ಟೆದ್ದು ಬಂದು ಚೊಂಬು ಕೈಗಿಡಬೇಕು. ಮದುವೆಯಾಗಿ ಬಂದಾಗಿನಿಂದ ಅವಳ ಬದುಕು ಇಷ್ಟೇ: ಮುದ್ದೆ ತೊಳಸುವುದು, ಕೊಟ್ಟಿಗೆ ಬಾಚುವುದು, ಉಂಡೆದ್ದವರ ತಟ್ಟೆ ಎತ್ತುವುದು.

ಒಂದು ಬೆಳಿಗ್ಗೆ ಪೊಲೀಸರು ಮುರಳಿಯನ್ನು ಮುಂದೆ ಬಿಟ್ಟುಕೊಂಡು ಬಂದರು. ಮಗರಾಯ ನೆಟ್ಟಗೆ ಅಡುಗೆಮನೆಗೆ ನಡೆದು, ಅವಳ ರಾಗಿ ಡ್ರಮ್ಮಿನೊಳಗೆ ಕೈಹಾಕಿ ಗಾಂಜಾ ಪೊಟ್ಟಣಗಳನ್ನು ತೆಗೆದುಕೊಟ್ಟ. ತಡಕಾಡಲೂ ಇಲ್ಲ.

ಜಾಮೀನು ಅರ್ಜಿಯ ದಿನ ಚಿಕ್ಕಬಳ್ಳಾಪುರದ ಕೋರ್ಟಿನ ವರಾಂಡದಲ್ಲಿ ವಕೀಲ ರಮೇಶ್‌ಬಾಬು ಒಂದು ಪ್ರಮಾಣಪತ್ರ ಚಾಚಿದ.

"ಅಮ್ಮಾ, ಅಡುಗೆಮನೆ ಪೂರ್ತಿ ನಿಮ್ಮ ವಶದಲ್ಲಿದೆ, ಹುಡುಗ ಅಲ್ಲಿಗೆ ಕಾಲೇ ಇಡಲ್ಲ ಅಂತ ಬರೆದಿದೀನಿ. ಒಂದು ಸೈನ್ ಹಾಕಿ."

"ಆಮೇಲೆ ಗಾಂಜಾ ಯಾರ್ದಾಯ್ತು?"

ವಕೀಲ ಕೆಮ್ಮಿದ. ನರಸಿಂಹಪ್ಪನೇ ಬಾಯಿಬಿಟ್ಟ. "ಹೆಂಗಸ್ರಿಗೆ ಬೇಗ ಬೇಲ್ ಕೊಡ್ತಾರಂತೆ ಕಣೇ. ನಾಕು ದಿನ ಇದ್ದು ಬಂದ್ರೆ ಆಯ್ತು. ಹುಡುಗನಿಗೆ ಮದುವೆ ಮಾಡಬೇಡ್ವಾ? ಜೈಲಲ್ಲಿ ಕಂಡಾಗ ಅವನೂ ಇದೇ ಅಂದ."

"ಅಲ್ಲೀಗಂಟ ನಿಮಗೆ ಮುದ್ದೆ ಯಾರು ತೊಳಸ್ತಾರೆ?"

ಅದನ್ನವನು ಯೋಚಿಸಿಯೇ ಬಂದಿದ್ದ. "ನಮ್ಮಕ್ಕ ಆಂಜಿನಮ್ಮ ಬರ್ತೀನಿ ಅಂದವ್ಳೆ."

ಓಬಳಮ್ಮನಿಗೆ ನಗು ಬಂತು. "ಹೊಲ ನಿಮ್ಮ ಹೆಸರಲ್ಲಿ, ಮನೆ ನಿಮ್ಮ ಹೆಸರಲ್ಲಿ, ನಾನು ಕರೆದ ಹಾಲೂ ಡೈರೀಲಿ ನಿಮ್ಮ ಹೆಸರಲ್ಲಿ. ಕಡೇಗೆ ನನ್ನ ಹೆಸರಿಗೆ ಅಂತ ಬರೆದಿದ್ದು ಗಾಂಜಾನಾ? ಏನು ಧಾರಾಳ ನಿಮ್ಮದು!"

ಕಾಗದವನ್ನು ಮಡಚಿ ಗಂಡನ ಜೇಬಿಗೆ ತುರುಕಿದಳು.

ಅದಿಲ್ಲದೆಯೇ ವಾದ ನಡೆಯಿತು. ಸಿಕ್ಕ ಗಾಂಜಾ ಕಡಿಮೆ, ಹಿಂದೆ ಕೇಸಿಲ್ಲ, ತನಿಖೆಯೂ ಮುಗಿದಿದೆ ಎಂದು ನೋಡಿ ನ್ಯಾಯಾಧೀಶೆ ಜಾಮೀನು ಕೊಟ್ಟರು. ಇಬ್ಬರು ಜಾಮೀನುದಾರರು, ಭಾನುವಾರಕ್ಕೊಮ್ಮೆ ಠಾಣೆಯಲ್ಲಿ ಸಹಿ. ಇಷ್ಟು ವಾದಕ್ಕೇ ಜಾಮೀನು ಸಿಗಬಹುದೆಂದು ರಮೇಶ್‌ಬಾಬುವಿಗೆ ಮೊದಲೇ ಗೊತ್ತಿತ್ತು. ವಾದಿಸಿ ಗಂಟಲು ಒಣಗಿಸಿಕೊಳ್ಳುವುದಕ್ಕಿಂತ ಹೆಂಗಸಿನ ತಲೆಗೆ ಕಟ್ಟುವುದು ಅಗ್ಗವೆಂದುಕೊಂಡಿದ್ದ, ಅಷ್ಟೆ.

ಬಿಡುಗಡೆಯಾಗಿ ಬಂದ ಮುರಳಿ ಅಪ್ಪನ ಪಕ್ಕ ಜಗಲಿಯಲ್ಲಿ ಕಾಲು ಚಾಚಿ ಕೂಗಿದ. "ಅಮ್ಮಾ, ಹೊಟ್ಟೆ ಹಸೀತೈತೆ. ಊಟ ಹಾಕು."

ಓಬಳಮ್ಮ ಎದುರಿಗೇ ಕಂಬಕ್ಕೊರಗಿ ಕುಳಿತಿದ್ದಳು. ಏಳಲಿಲ್ಲ.

"ಹಿಟ್ಟು ರಾಗಿ ಡ್ರಮ್ಮಿನ ಪಕ್ಕ ಐತೆ. ನಿನಗೆ ದಾರಿ ಗೊತ್ತಲ್ಲಪ್ಪ. ನಿಮ್ಮಪ್ಪನಿಗೂ ತೋರಿಸು."