ಡ್ರಮ್ ಮುಟ್ಟದ ಲುವೀನಾ

ಮಿಸ್ ಲುವೀನಾ ಪ್ರಾಥರ್ ಅವರನ್ನು ನಾನು ಮೊದಲು ಕಂಡದ್ದು ೧೯೭೧ರ ಆಗಸ್ಟ್ ತಿಂಗಳಲ್ಲಿ, ಪೈನಿ ಫೋರ್ಕ್ ಎಂಬ ಹಳ್ಳಿಯ ಶಾಲೆಯ ಊಟದ ಕೋಣೆಯಲ್ಲಿ. ನಾನು ವ್ಯಾಕರಣ ಕಲಿಸಲು ಬಂದ ಹೊಸ ಮೇಷ್ಟ್ರು, ಅವರು ಅಡುಗೆಯವರು. ಮದುವೆಯಾದ ಮೇಲೂ ಊರು ಅವರನ್ನು ತವರಿನ ಹೆಸರಿನಿಂದ ಮಿಸ್ ಪ್ರಾಥರ್ ಎಂದೇ ಕರೆಯುತ್ತಿತ್ತು. ಇನ್ನೂರು ಮಕ್ಕಳು ಸೂರು ಹಾರಿ ಹೋಗುವಂತೆ ಕಿರುಚುತ್ತಿದ್ದರು. ಅವರು ಬಾಯಿ ತೆರೆಯಲಿಲ್ಲ. ಸೌಟಿನಿಂದ ಅವರೆಕಾಳಿನ ಪಾತ್ರೆಯ ಅಂಚಿಗೆ ನಾಲ್ಕಾರು ಸಲ ಬಡಿದರು. ಗದ್ದಲ ನಿಂತಿತು. ಆದರೆ ಮೇಜಿನ ಕೆಳಗೆ ನಾನೂರು ಕಾಲುಗಳು ಅದೇ ಲಯ ಹಿಡಿದು ಕುಟ್ಟತೊಡಗಿದವು. ನನಗರಿವಿಲ್ಲದೆ ನನ್ನದೂ ಸೇರಿಕೊಂಡಿತ್ತು.

"ಹೊಸ ಮೇಷ್ಟ್ರೇ," ಎಂದರು ಅವರು ರೊಟ್ಟಿ ಬಡಿಸುತ್ತ, "ಮಕ್ಕಳೆಲ್ಲ ಸರಿಯಾಗಿದಾರೆ. ನೀವೊಬ್ಬರೇ ಮುಂದಕ್ಕೆ ಓಡ್ತಿರೋದು."

ಆ ಲಯ ಎಲ್ಲಿಂದ ಬಂತೆಂದು ತಿಳಿಯಲು ನನಗೆ ಹತ್ತು ವರ್ಷ ಬೇಕಾಯಿತು. ನಮ್ಮ ಚರ್ಚಿನಲ್ಲಿ ವಾದ್ಯಗಳಿಲ್ಲ. ಪಿಯಾನೋ ಇಲ್ಲ, ಆರ್ಗನ್ ಇಲ್ಲ. ದೇವರು ಕೊಟ್ಟ ಗಂಟಲೊಂದೇ ಸಾಕು ಎಂಬುದು ಹಿರಿಯರ ಮತ. ಲುವೀನಾ ಅವರ ತಾಯಿ ಚರ್ಚಿಗಿಂತಲೂ ಒಂದು ಹೆಜ್ಜೆ ಮುಂದೆ. ಚರ್ಚು ಭಾನುವಾರ ಮಾತ್ರ ವಾದ್ಯ ಬೇಡವೆಂದರೆ ಆಕೆ ವಾರದ ಏಳು ದಿನವೂ ಬೇಡವೆನ್ನುತ್ತಿದ್ದರು. ಮಗ ಹಾಲಿಸ್ ಆಗಲೇ ಗಿಟಾರ್ ಹಿಡಿದು ಕೈ ತಪ್ಪಿಹೋಗಿದ್ದ. ೧೯೫೬ರಲ್ಲಿ ಅವನಿಗೆ ಹಾಡು ಮುದ್ರಿಸುವ ಅವಕಾಶ ಸಿಕ್ಕಿತು. ಮಂಚ ಕುರ್ಚಿ ಮಾರುವವನೊಬ್ಬ ಅಂಗಡಿಯ ಹಿಂದಿನ ಕೋಣೆಯಲ್ಲಿ ಯಂತ್ರ ಇಟ್ಟುಕೊಂಡು ಹುಡುಗರ ಹಾಡು ಹಿಡಿಯುತ್ತಿದ್ದ. ಅಣ್ಣನ ಇಸ್ತ್ರಿ ಅಂಗಿಗಳನ್ನು ರಟ್ಟಿನ ಸೂಟ್‌ಕೇಸಿನಲ್ಲಿ ಹೊತ್ತು ಜೊತೆಗೆ ಹೊರಟವರು ಹದಿನೇಳರ ಲುವೀನಾ. ತಾಯಿ ಮಗಳ ಅಂಗೈಯನ್ನು ಅಡುಗೆಮನೆಯ ಮೇಜಿನ ಮೇಲೆ ಒತ್ತಿ ಹಿಡಿದು, "ಅವನು ಹೋದ. ನೀನಾದ್ರೂ ವಾದ್ಯ ಮುಟ್ಟಲ್ಲ ಅಂತ ಮಾತು ಕೊಡು," ಎಂದರು. ಮಗಳು ಕೊಟ್ಟರು.

ಹಳ್ಳಿಗಾಡಿನ ಹಾಡಿಗೂ ಕುಣಿಸುವ ರಾಕ್ ಹಾಡಿಗೂ ನಡುವೆ ಇನ್ನೂ ಬೇಲಿ ಬಿದ್ದಿರದ ಕಾಲ ಅದು. ಹಾಲಿಸ್ ಮೂರು ಸಲ ಹಾಡಿದ. ಮೂರು ಸಲವೂ ಹಾಡು ಕುಂಟಿತು. ಡ್ರಮ್ ಬಾರಿಸುವವನನ್ನು ಕರೆಸಲು ಅಂಗಡಿಯವನಿಗೆ ಮನಸ್ಸಿಲ್ಲ. ನಾಲ್ಕನೆಯ ಸಲ ಲುವೀನಾ ಸೂಟ್‌ಕೇಸನ್ನು ಮಡಿಲಿಗೆಳೆದುಕೊಂಡು, ಬಲಗೈಯಲ್ಲಿ ಬಟ್ಟೆಯ ಬ್ರಷ್ ಹಿಡಿದು ಬಡಿದರು, ಎಡ ಅಂಗೈಯಿಂದ ತಟ್ಟಿದರು. ಅದರ ಚಿಲಕ ಸಡಿಲವಾಗಿತ್ತು. ಪ್ರತಿ ಏಟಿಗೂ 'ಚಿಕ್' ಎಂದಿತು. ಹಾಡು ಎದ್ದು ಕುದುರೆಯಂತೆ ಓಡಿತು.

"ವಾದ್ಯ ಮುಟ್ಟಿದ್ಯೇನೇ?" ಎಂದು ಸಂಜೆ ತಾಯಿ ಕೇಳಿದರು.

"ಇಲ್ಲಮ್ಮ."

ಸುಳ್ಳಲ್ಲ. ಹಾಡು ರೇಡಿಯೋದಲ್ಲಿ ಬಂದ ದಿನ ತಾಯಿ ಕೆಲಸ ನಿಲ್ಲಿಸಿ ಕೇಳಿದರು. "ಆ ಡ್ರಮ್ ಹೊಡೆದೋನು ಯಾರೋ ಪಾಪ, ನೇರ ನರಕಕ್ಕೇ ಹೋಗ್ತಾನೆ," ಎಂದು ಮರುಗಿ, ಅಂದಿನಿಂದ ಊಟಕ್ಕೆ ಮುಂಚೆ ಅವನ ಆತ್ಮಕ್ಕಾಗಿ ಒಂದು ಪ್ರಾರ್ಥನೆ ಸೇರಿಸಿದರು. ಮಗಳು ತಲೆ ತಗ್ಗಿಸಿ ಆಮೆನ್ ಹೇಳುತ್ತಿದ್ದರು. ಐದು ವರ್ಷಗಳ ನಂತರ ಹಾಲಿಸ್ ಲಾರಿ ಅಪಘಾತದಲ್ಲಿ ತೀರಿಕೊಂಡ. ಅವನದೆಂದು ಜಗತ್ತಿನಲ್ಲಿ ಉಳಿದದ್ದು ಆ ಒಂದು ಹಾಡು. ಅದರ ಗ್ರಾಮಫೋನ್ ತಟ್ಟೆಗಳನ್ನೂ ಊರಿನ ಮಕ್ಕಳು ಗಾಳಿಗೆ ಎಸೆದು ಆಡಿ ಮುಗಿಸಿದ್ದರು.

ಹೀಗಿರಲು, ಆರು ವರ್ಷಗಳ ಹಿಂದೆ, ಶಿಕಾಗೋದಿಂದ ಪ್ರೊಫೆಸರ್ ಹಾಲ್ವರ್ಸನ್ ಎಂಬವರು ನಮ್ಮೂರಿಗೆ ಬಂದರು. ಹಳೆಯ ಕಂಟ್ರಿ ಮತ್ತು ರಾಕ್ ಹಾಡುಗಳ ಅಪರೂಪದ ಧ್ವನಿಮುದ್ರಿಕೆಗಳನ್ನು ಪೆಟ್ಟಿಗೆಯೊಂದರಲ್ಲಿ ತುಂಬಿ, ಜೊತೆಗೆ ದಿಂಬಿನಷ್ಟು ದಪ್ಪದ ಪುಸ್ತಕವಿಟ್ಟು ಹೊರತರುವುದು ಅವರ ಕೆಲಸ. ಹಾಲಿಸ್‌ನ ತಟ್ಟೆಯ ಮೂರು ಪ್ರತಿಗಳು ಎಲ್ಲೋ ಉಳಿದಿದ್ದವಂತೆ. ಲುವೀನಾ ಅವರು ನನಗೆ ಹೇಳಿಕಳಿಸಿದರು. ವರಾಂಡದಲ್ಲಿ ತಣ್ಣನೆಯ ಸಿಹಿ ಚಹಾ ಇಟ್ಟುಕೊಂಡು ಮೂವರೂ ಕುಳಿತೆವು.

"ನನಗೆ ಬೇಕಾಗಿರೋದು ಒಂದೇ, ಮೇಷ್ಟ್ರೇ," ಎಂದು ಅವರು ನನಗೆ ಮೊದಲೇ ಹೇಳಿದ್ದರು. "ಅಣ್ಣನ ಹೆಸರಿನ ಕೆಳಗೆ ನನ್ನ ಹೆಸರು. ಸಮಾಧಿ ಕಲ್ಲಿನ ಮೇಲೆ ಹ್ಯಾಗೂ ಬೇರೆ ಬೇರೆ ಇರ್ತೀವಿ. ಕಾಗದದ ಮೇಲಾದ್ರೂ ಒಟ್ಟಿಗಿರೋಣ."

ಪ್ರೊಫೆಸರರು ಆ ಡ್ರಮ್ಮಿನ ಬಗೆಗೆ ಆಗಲೇ ಹನ್ನೊಂದು ಪುಟ ಬರೆದಿದ್ದರು. ಆ 'ಚಿಕ್' ಎನ್ನುವುದು ಬಿರುಕು ಬಿಟ್ಟ ಕಂಚಿನ ತಾಳವೆಂದೂ, ನುಡಿಸಿದವನು ಮಿಸಿಸಿಪ್ಪಿ ನದಿಯ ದೋಣಿಗಳಲ್ಲಿ ಪ್ರಯಾಣಿಕರಿಗೆ ಬಾರಿಸಿ ಪಳಗಿದ ಹಿರಿಯನಿರಬೇಕೆಂದೂ ಅದರಲ್ಲಿತ್ತು. ಲುವೀನಾ ತಾಳ್ಮೆಯಿಂದ ಕೇಳಿದರು.

"ಅದು ಚಿಲಕ ಕಣಪ್ಪ."

"ಅಂದ್ರೆ?"

"ಸೂಟ್‌ಕೇಸಿನ ಚಿಲಕ. ಹೊಡೆದೋಳು ನಾನು. ನದೀನ ನಾನು ನೋಡಿದ್ದೇ ಮದುವೆ ಆದ ಮೇಲೆ."

ಪ್ರೊಫೆಸರರ ಮುಖ ಮೊದಲು ಅರಳಿತು, ಆಮೇಲೆ ಬಾಡಿತು. ಹನ್ನೊಂದು ಪುಟ ಎಂದರೆ ಹನ್ನೊಂದು ಪುಟ. ಅವರು ತಮ್ಮ ಪಟ್ಟಿ ತೋರಿಸಿದರು. ಗಾಯನ, ಗಿಟಾರ್, ಬಾಸ್, ಡ್ರಮ್ ಎಂದು ನಾಲ್ಕು ಮನೆಗಳು. ಸೂಟ್‌ಕೇಸಿಗೆ ಮನೆ ಇರಲಿಲ್ಲ.

"ಡ್ರಮ್, ಲುವೀನಾ ಪ್ರಾಥರ್. ಹೀಗೆ ಹಾಕಿಬಿಡ್ತೀನಿ ಅಮ್ಮ. ಆ ಕಾಲದಲ್ಲಿ ಹೆಂಗಸೊಬ್ಬಳು ಡ್ರಮ್ ಬಾರಿಸಿದ್ದಾಳೆ ಅಂದ್ರೆ ಎಷ್ಟು ದೊಡ್ಡ ಸುದ್ದಿ ಗೊತ್ತಾ? ಬೇಕಾದ್ರೆ ಆ ಪುಟಗಳನ್ನ ಹರಿದುಹಾಕಿ ಹೊಸದಾಗಿ ಬರೀತೀನಿ."

"ಸೂಟ್‌ಕೇಸ್ ಅಂತ ಹಾಕು."

"ಜನ ನಗ್ತಾರೆ."

"ನಗಲಿ ಬಿಡು. ನಗೋ ಹಾಡೇ ಅದು."

"ನಿಮ್ಮ ಹೆಸರು ಪುಸ್ತಕದಲ್ಲಿ ಬೇಡ್ವಾ?"

"ಬೇಕು. ಡ್ರಮ್ ಬಾರಿಸಿದೋಳು ಅಂತ ಬೇಡ. ಅಮ್ಮ ಓದಿದ್ರೆ?"

"ಅಮ್ಮ ತೀರಿಕೊಂಡು ಮೂವತ್ತು ವರ್ಷ ಆಯ್ತು ಅಂದ್ರಲ್ಲ!"

"ಅದಕ್ಕೇ. ಈಗ ಓದೋಕೆ ಬೇಕಾದಷ್ಟು ಸಮಯ ಇದೆ ಅವಳಿಗೆ."

ಪ್ರೊಫೆಸರರು ನನ್ನ ಕಡೆ ತಿರುಗಿದರು. ನಾನು ಹೇಡಿಯಂತೆ, "ಒಂದು ಪದ ತಾನೆ ಮಿಸ್ ಲುವೀನಾ, ಒಪ್ಪಿಕೊಳ್ಳಿ," ಎಂದೆ. ಅಣ್ಣನ ಹೆಸರಿನ ಕೆಳಗೆ ಅವರ ಹೆಸರನ್ನು ನೋಡುವ ಆಸೆ ನನಗೂ ಇತ್ತು.

"ಒಂದು ಪದವಾ! ಒಂದು ಪದ ತಪ್ಪಿದ್ದಕ್ಕೆ ಮೂವತ್ತು ವರ್ಷ ಮಕ್ಕಳ ಅಂಕ ಕಿತ್ತುಕೊಂಡೋರು ನೀವು. ನನ್ನ ಮಗನಿಗೇ ಎಷ್ಟು ಕಿತ್ತಿದೀರಿ!"

ಅವರು ಚಹಾ ಮುಗಿಸಿ, ಲೋಟ ಕೆಳಗಿಟ್ಟು, "ಗೊತ್ತಿಲ್ಲ ಅಂತ ಬರ್ಕೋ ಮಗೂ," ಎಂದು ಪ್ರೊಫೆಸರರಿಗೆ ಹೇಳಿ ಒಳಗೆ ಹೋದರು. ಪುಸ್ತಕ ಬಂದಾಗ ಹಾಗೆಯೇ ಇತ್ತು. ಗಾಯನ, ಹಾಲಿಸ್ ಪ್ರಾಥರ್. ಡ್ರಮ್, ಯಾರೆಂದು ತಿಳಿಯದು. ಲುವೀನಾ ಅವರು ಆ ಪುಟವನ್ನು ಬೆರಳಿನಿಂದ ಎರಡು ಸಲ ಸವರಿದರು. "ಕಾಗದ ಚೆನ್ನಾಗಿದೆ," ಎಂದಷ್ಟೇ ಹೇಳಿ, ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ತಿಳಿಯದವನಿಗೆ ಬಂದ ಕೀರ್ತಿ ಮಾತ್ರ ಹೇಳತೀರದು. ಪತ್ರಿಕೆಗಳು ಅವನನ್ನು ಅಜ್ಞಾತ ಮೇಧಾವಿ ಎಂದು ಕರೆದವು. ದೂರದೂರದ ಹುಡುಗರು ಬಂದು ಅಂಗಡಿಯಿದ್ದ ಜಾಗದಲ್ಲಿ, ಈಗ ಬಟ್ಟೆ ಒಗೆಯುವ ಯಂತ್ರಗಳ ಮುಂದೆ, ಟೋಪಿ ತೆಗೆದು ನಿಂತರು. ಎರಡು ವರ್ಷ ಸುಮ್ಮನಿದ್ದು, ಕೊನೆಗೆ ನಮ್ಮೂರಿನ ಗಾರ್ಲೆಂಡ್ ಟಬ್ಸ್ ಎಂಬವನು ತಡೆಯಲಾರದೆ, "ಅದು ನಾನೇ," ಎಂದ. ಟ್ರಾಕ್ಟರಿನ ಟಯರು ಮಾರಿ ನಿವೃತ್ತನಾದ ಗಾರ್ಲೆಂಡ್ ೧೯೫೬ರಲ್ಲಿ ಸೈನ್ಯದ ಜೊತೆ ಜರ್ಮನಿಯಲ್ಲಿದ್ದುದು ಊರಿಗೆಲ್ಲ ಗೊತ್ತು. ಎಂಬತ್ತು ದಾಟಿದವರ ಸುಳ್ಳನ್ನು ಬಯಲಿಗೆಳೆಯುವುದು ನಮ್ಮೂರಿನಲ್ಲಿ ಮರ್ಯಾದೆಯಲ್ಲ. ಹೀಗಾಗಿ ಎಲ್ಲರೂ ಅವನ ಕೈ ಕುಲುಕಿದರು. ಪ್ರೊಫೆಸರರು ಸಂತೋಷದಿಂದ ಲುವೀನಾ ಅವರಿಗೆ ಫೋನ್ ಮಾಡಿದರು. ಗಾರ್ಲೆಂಡನ ಅಜ್ಜ ದೋಣಿಯಲ್ಲಿ ಕೆಲಸ ಮಾಡಿದ್ದನಂತೆ. ಹನ್ನೊಂದು ಪುಟ ಉಳಿದಂತೆಯೇ.

"ನಿಮ್ಮ ನೆನಪು ಸ್ವಲ್ಪ ತಪ್ಪಿರಬಹುದಾ ಅಮ್ಮ?"

"ಸೂಟ್‌ಕೇಸು ನಂಗೆ ಚೆನ್ನಾಗಿ ನೆನಪಿದೆ. ಗಾರ್ಲೆಂಡ್ ಎಲ್ಲಿದ್ದ ಅಂತ ಗಾರ್ಲೆಂಡನ್ನೇ ಕೇಳಪ್ಪ."

ಎರಡನೆಯ ಮುದ್ರಣದಲ್ಲಿ ಹಾಲಿಸ್‌ನ ಹೆಸರಿನ ಕೆಳಗೆ ಗಾರ್ಲೆಂಡ್ ಟಬ್ಸ್ ಬಂದು ಕುಳಿತ. ಅಷ್ಟಕ್ಕೇ ನಿಂತಿದ್ದರೆ ಅವನ ಮುಪ್ಪು ಸುಖವಾಗಿಯೇ ಕಳೆಯುತ್ತಿತ್ತು. ಆದರೆ ಮೆಂಫಿಸ್‌ನ ಸಂಗೀತ ಉತ್ಸವದವರು ಅವನನ್ನು ವೇದಿಕೆಯ ಮೇಲೆ ಆ ಹಾಡನ್ನೇ ನುಡಿಸಲು ಕರೆದುಬಿಟ್ಟರು. ಗಾರ್ಲೆಂಡ್ ಒಂದು ವಾರ ಊಟ ಬಿಟ್ಟ. ಎಂಟನೆಯ ದಿನ ಪೀಚ್ ಹಣ್ಣಿನ ಪೈ ಹಿಡಿದು ಲುವೀನಾ ಅವರ ಬಾಗಿಲಿಗೆ ಬಂದ. ನಾನು ಅಲ್ಲಿಯೇ ಇದ್ದೆ.

"ಲುವೀನಾ, ಆವತ್ತು ನಾನು ಹ್ಯಾಗೆ ಹೊಡೆದಿದ್ದೆ ಅಂತ ಸ್ವಲ್ಪ ನೆನಪು ಮಾಡಿಕೊಡ್ತೀಯಾ?"

ಅವರು ಪೈ ಕಡೆ ನೋಡಿದರು, ಅವನ ಕಡೆ ನೋಡಿದರು. ಬಾಗಿಲು ಹಾಕಿಬಿಡುತ್ತಾರೆಂದೇ ನಾನು ಅಂದುಕೊಂಡೆ.

"ಈ ಪೈ ಕೊಂಡಿದ್ದೋ, ಮಾಡಿದ್ದೋ?"

"ಮಗಳು ಮಾಡಿದ್ಲು."

"ಹಾಗಾದ್ರೆ ಒಳಗೆ ಬಾ. ನೀನು ಕೆಟ್ಟರೆ ನಂಗೇನೂ ಇಲ್ಲ ಗಾರ್ಲೆಂಡ್. ಅಷ್ಟು ಜನರ ಮುಂದೆ ಅಣ್ಣನ ಹಾಡು ಕೆಡಬಾರದು."

ಮಿಸ್ ಲುವೀನಾ ಅವರಿಗೆ ಈಗ ಎಂಬತ್ತಾರು. ಉತ್ಸವ ಪ್ರತಿ ವರ್ಷ ಅವನನ್ನು ಕರೆಯುತ್ತದೆ. ಆದ್ದರಿಂದ ಪಾಠವೂ ನಿಂತಿಲ್ಲ. ಪ್ರತಿ ಗುರುವಾರ ಮಧ್ಯಾಹ್ನ ಅವನು ತನ್ನ ಹೊಸ ಡ್ರಮ್ಮನ್ನು ಕಾರಿನಿಂದ ಇಳಿಸಿ ವರಾಂಡದಲ್ಲಿ ಜೋಡಿಸುತ್ತಾನೆ. ಅವರು ಅದರಿಂದ ಮಾರು ದೂರದಲ್ಲಿ ಕುರ್ಚಿ ಹಾಕಿಕೊಂಡು, ಅದನ್ನು ಬೆರಳಿನ ತುದಿಯಿಂದಲೂ ಮುಟ್ಟದೆ, ಪೆಟ್ಟಿಗೆಯೊಳಗಿನ ಅಣ್ಣನ ಹಾಡನ್ನು ಹಾಕಿಟ್ಟು, ಕಿವಿಯಿಂದಲೇ ಕಲಿಸುತ್ತಾರೆ. ಬಲಗೈ ಒಂದು ಹದಕ್ಕೆ ಬಂದಿದೆ. ಹೋದ ವಾರ ಎಡಗೈ ಶುರು ಮಾಡಿಸಿದರು. "ಮೆಲ್ಲಗೆ ಕಣೋ," ಎಂದು ಗದರಿಸುವುದು ನಮ್ಮ ಮನೆಯವರೆಗೂ ಕೇಳುತ್ತದೆ. "ಹಾಲಿಸ್ ಇನ್ನೂ ಉಸಿರು ತಗೊಳ್ತಿದಾನೆ, ನೀನು ಆಗಲೇ ಮುಗಿಸಿ ಎದ್ದುಬಿಟ್ಯಲ್ಲ!"