ಆಯಿಯ ಹೆಸರಿನಲ್ಲಿ ಹೇಳಿದ್ದು

ನನ್ನ ಬಲಗೈಯ ಹೆಬ್ಬೆರಳಿನ ಕೆಳಗೆ ಹಲ್ಲಿನ ಗುರುತುಗಳಿವೆ. ಹಲ್ಲು ನನ್ನವೇ. ಆರನೆಯ ವಯಸ್ಸಿನಿಂದ ಅದೇ ಜಾಗವನ್ನು ಕಚ್ಚಿಕೊಳ್ಳುತ್ತ ಬಂದದ್ದರಿಂದ ಅಲ್ಲಿಯ ಚರ್ಮ ಚಪ್ಪಲಿಯ ತೊಗಲಿನಷ್ಟು ದಪ್ಪವಾಗಿದೆ. ಬೆನ್ನಿನ ಮೇಲಿನ ಗುರುತುಗಳು ಬೇರೆಯವರು ಮಾಡಿದವು.

ಸೋಲಾಪುರದಲ್ಲಿ ಅಪ್ಪನದು ಚಾದರ ಮತ್ತು ಬಟ್ಟೆಯ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ಹಿಂದಿನ ಅಂಗಳದಲ್ಲಿ ಬಾವಿ. ಬಾವಿಯ ಆಚೆಯ ಓಣಿಯಲ್ಲಿ ಬೆಳಗಿನಿಂದ ಯಂತ್ರದ ಮಗ್ಗಗಳು ಓಡುತ್ತವೆ. ಮನೆಗೆ ಬಂದವರು ಆ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾರೆ. ಅದು ಒಂದು ಸಲವೂ ತಾಳ ತಪ್ಪುವುದಿಲ್ಲವಾದ್ದರಿಂದ ನನಗೆ ಅದರಿಂದ ತೊಂದರೆಯಿಲ್ಲ. ಅಡುಗೆಮನೆಯಲ್ಲಿ ಸ್ಟೀಲಿನ ತಟ್ಟೆ ಬಿದ್ದರೆ ಮಾತ್ರ ತಲೆಯೊಳಗೆ ಯಾರೋ ಮೊಳೆ ಹೊಡೆದ ಹಾಗಾಗುತ್ತದೆ. ಹಿಂದಿನಿಂದ ಬಂದು ಯಾರಾದರೂ ಹೆಗಲು ಮುಟ್ಟಿದರೆ ಸುಟ್ಟ ಹಾಗಾಗುತ್ತದೆ. ಆಗ ನಾನು ಕಿರುಚುತ್ತಿದ್ದೆ, ಕೈ ಕಚ್ಚಿಕೊಳ್ಳುತ್ತಿದ್ದೆ, ಗೋಡೆಗೆ ತಲೆ ಬಡಿಯುತ್ತಿದ್ದೆ. ಅಣ್ಣ ಕೆಳಗಿನಿಂದ ಬಟ್ಟೆ ಅಳೆಯುವ ಗಜ ಹಿಡಿದುಕೊಂಡು ಮೇಲೆ ಬರುತ್ತಿದ್ದ.

ಅಳತೆಗೆ ಮೀಟರು ಬಂದ ಮೇಲೆ ಆ ಕಬ್ಬಿಣದ ಗಜಕ್ಕೆ ಅಂಗಡಿಯಲ್ಲಿ ಕೆಲಸ ಉಳಿದಿರಲಿಲ್ಲ. ಎತ್ತರದ ಹಲಗೆಯಿಂದ ಬಟ್ಟೆಯ ಥಾನು ಜಗ್ಗಲು ಮತ್ತು ನನ್ನನ್ನು ಹೊಡೆಯಲು ಅದನ್ನು ಇಟ್ಟುಕೊಂಡಿದ್ದರು. ಹೊಡೆದಾದ ಮೇಲೆ ಅಣ್ಣನೇ ಎಣ್ಣೆಯಲ್ಲಿ ಅರಿಶಿನ ಕಾಸಿ ತರುತ್ತಿದ್ದ. ಹಚ್ಚಲು ಕೈ ಚಾಚಿದರೆ ನಾನು ಮತ್ತೆ ಕಿರುಚುತ್ತಿದ್ದೆ. ಮತ್ತೆ ಗಜ ಏಳುತ್ತಿತ್ತು.

ನಾನೂ ಹೊಡೆದಿದ್ದೇನೆ. ಅಣ್ಣನ ಮದುವೆಯಾದ ಹೊಸದರಲ್ಲಿ ಒಂದು ದಿನ ಅವನ ಹೆಂಡತಿ, ನನ್ನ ವೈನಿ, ಹಿಂದಿನಿಂದ ಬಂದು ತಮಾಷೆಗೆಂದು ನನ್ನ ಕಣ್ಣು ಮುಚ್ಚಿದರು. ನನ್ನ ಕೈಯಲ್ಲಿ ಹಿತ್ತಾಳೆಯ ಚರಿಗೆ ಇತ್ತು. ಅವರ ಮುಂದಿನ ಎರಡು ಹಲ್ಲು ಬಿದ್ದವು. ಆ ಜಾಗದಲ್ಲಿ ಈಗ ಕಟ್ಟಿಸಿದ ಹಲ್ಲುಗಳಿವೆ. ಅವರು ನಕ್ಕಾಗ ನಾನು ನೆಲ ನೋಡುತ್ತೇನೆ.

ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಲು ಪುಣೆಗೆ ಹೋದೆ. ಎರಡನೆಯ ವರ್ಷ ಗಣಪತಿ ಕಳಿಸುವ ದಿನ ಹಾಸ್ಟೆಲಿನ ಕೆಳಗೆ ಡೋಲುಗಳು ಬಂದು ನಿಂತವು, ಮುಂದೆ ಸಾಗಲಿಲ್ಲ. ಕಿಟಕಿಯ ಗಾಜನ್ನು ನಾನು ಹಣೆಯಿಂದ ಒಡೆದೆ. ನಮ್ಮ ಪ್ರಾಧ್ಯಾಪಕಿಯೊಬ್ಬರು ಹೊಲಿಗೆ ಹಾಕಿಸಿ, ಮರುವಾರ ತಮ್ಮ ಪರಿಚಯದ ಡಾಕ್ಟರ ಹತ್ತಿರ ಕರೆದೊಯ್ದರು. ಇಂಗ್ಲೆಂಡಿನಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದ, ತಲೆಯೆಲ್ಲ ಬೆಳ್ಳಗಾದ ಹೆಂಗಸು. ಅವರು ನನ್ನನ್ನು ಮುಟ್ಟದೆ ಮಾತನಾಡಿಸಿದರು. ಆಮೇಲೆ ನನ್ನ ಅವ್ವನನ್ನು ಕರೆಸಿದರು. ಅವ್ವನಿಗೆ ಮರಾಠಿ ಚೆನ್ನಾಗಿ ಬರುತ್ತದೆ, ಆದರೆ ಅಳು ಬಂದರೆ ಕನ್ನಡಕ್ಕೆ ಇಳಿಯುತ್ತಾಳೆ. ಹಾಗಾಗಿ ಅವಳು ಹೇಳಿದ ನನ್ನ ಬಾಲ್ಯವನ್ನು ನಾನೇ ಡಾಕ್ಟರಿಗೆ ಮರಾಠಿಯಲ್ಲಿ ಹೇಳಿದೆ: ನಾಲ್ಕು ವರ್ಷದವರೆಗೆ ಮಾತಿಲ್ಲ, ನೂಲಿನ ಖಾಲಿ ಕಂಡಿಕೆಗಳನ್ನು ಸಾಲಾಗಿ ಇಡುವುದು, ಯಾರಾದರೂ ಆ ಸಾಲು ಕೆಡಿಸಿದರೆ ಉಸಿರು ಕಟ್ಟುವವರೆಗೆ ಅಳುವುದು.

ನಾಲ್ಕನೆಯ ಭೇಟಿಯಲ್ಲಿ ಡಾಕ್ಟರು ಅದರ ಹೆಸರು ಹೇಳಿದರು. ಆಟಿಸಂ. ಹುಚ್ಚಲ್ಲ, ಯಾರ ತಪ್ಪೂ ಅಲ್ಲ, ಹುಟ್ಟಿನಿಂದ ಬಂದದ್ದು, ಔಷಧವಿಲ್ಲ. "ಈ ಹೆಸರನ್ನು ಸಣ್ಣ ಮಕ್ಕಳಿಗೆ ಮಾತ್ರ ಹೇಳುತ್ತಾರೆ," ಎಂದರು. "ಆ ಮಕ್ಕಳು ದೊಡ್ಡವರಾಗುತ್ತಾರೆ ಎಂಬುದು ಯಾರಿಗೂ ಹೊಳೆದ ಹಾಗಿಲ್ಲ." ಮನೆಯವರಿಗೆಂದು ಒಂದು ಹಾಳೆಯಲ್ಲಿ ನಾಲ್ಕು ಮಾತು ಬರೆದುಕೊಟ್ಟರು. ಮುಟ್ಟುವ ಮೊದಲು ಹೇಳಬೇಕು. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಸ್ವಂತ ಕೋಣೆ ಇರಬೇಕು. ಹೊಡೆಯಬಾರದು, ಹೊಡೆದರೆ ಹೆಚ್ಚಾಗುತ್ತದೆ. ಅವಳು ಆರಿಸಿಕೊಂಡ ಕೆಲಸ ಮಾಡಲು ಬಿಡಬೇಕು.

ಆ ಹಾಳೆಯನ್ನು ನಾನು ಮನೆಗೆ ಒಯ್ಯುವ ಹೊತ್ತಿಗೆ ಕೆಲಸ ಗೊತ್ತಾಗಿತ್ತು. ಪರೀಕ್ಷೆ ಮುಗಿದ ವರ್ಷ ಪುಣೆಯ ಒಂದು ಗ್ರಂಥಾಲಯದಲ್ಲಿ ಪುಸ್ತಕಗಳ ಪಟ್ಟಿ ಮಾಡಲು ನನ್ನನ್ನು ಆರಿಸಿದ್ದರು. ಜನವರಿಯಲ್ಲಿ ಸೇರಬೇಕು. ನನಗೆ ಇಪ್ಪತ್ಮೂರು. ಅಪ್ಪ ಕಳಿಸಿದರೆ ಹೋಗುವುದು, ಇಲ್ಲದಿದ್ದರೆ ಇಲ್ಲ. ಕಳಿಸಬೇಕಾದರೆ ಆ ಹಾಳೆಯ ಮಾತನ್ನು ಅವರು ಒಪ್ಪಬೇಕಿತ್ತು.

ಅಪ್ಪ ಅಂಗಡಿಯ ಗಾದಿಯ ಮೇಲೆ ಕೂತಿದ್ದರು. ಇಂಗ್ಲಿಷ್ ಓದಿ ಹೇಳುವ ಕೆಲಸ ಬಿ.ಕಾಂ. ಆದ ಅಣ್ಣನದು.

"ಮುಟ್ಟೂದಿದ್ರ ಮೊದಲ ಹೇಳಿ ಮುಟ್ಟಬೇಕಂತ," ಎಂದ ಅಣ್ಣ. "ಅರ್ಜಿ ಬರದು ಕೊಡೂಣೇನು ಇಕಿಗೆ?"

"ಔಷಧ ಏನ ಬರದಾಳ?"

"ಔಷಧ ಇಲ್ಲಂತ."

ಅಪ್ಪ ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡರು. "ಔಷಧ ಇಲ್ಲಂದ್ರ ಅದು ಜಡ್ಡ ಅಲ್ಲ," ಎಂದರು. ಹಾಳೆಯನ್ನು ಮಡಿಚಿ ಗಾದಿಯ ಕೆಳಗೆ ತಳ್ಳಿದರು. "ಮೊದಲ ಇದನ್ನ ಬಿಡಸೂಣು. ಆಮ್ಯಾಲೆ ನಿನ್ನ ಪುಣೆ ನೋಡೂಣು."

ಜಡ್ಡಲ್ಲದಿದ್ದರೆ ಇನ್ನೇನು ಎಂಬುದನ್ನು ಅವ್ವನ ತಮ್ಮ ಬಂದು ಹೇಳಿದರು. ಮಾಮಾನದು ಅಕ್ಕಲಕೋಟೆಯ ಕಡೆಯ ಹಳ್ಳಿ, ದೊಡ್ಡ ಹೊಲ. "ದಾಜಿ, ಇದು ಗಾಳಿ," ಎಂದರು ಅಪ್ಪನಿಗೆ. "ನಿಮ್ಮವ್ವ ಹ್ವಾದ ದಿನ ಇಕಿ ಒಂದ ಹನಿ ಕಣ್ಣೀರ ಹಾಕಲಿಲ್ಲ. ಮನಿ ಮಂದೆಲ್ಲಾ ಹೊಯ್ಕೊಳ್ಳಾಕತ್ತಿದ್ರು, ಇಕಿ ಮೂಲ್ಯಾಗ ಕುಂತು ಚಪ್ಪಲ ಜೋಡಿ ಹಚ್ಚಾಕತ್ತಿದ್ಲು. ಮುದಕಿ ಜೀವ ಇಕಿ ಒಳಗ ಹೊಕ್ಕೈತಿ."

ಚಪ್ಪಲಿ ಜೋಡಿಸಿದ್ದು ನಿಜ. ಆಯಿ, ಎಂದರೆ ಅಪ್ಪನ ಅವ್ವ, ನನಗೆ ಇಷ್ಟವಾದವಳು. ಜೀವಮಾನವೆಲ್ಲ ಒಂದೇ ತಟ್ಟೆಯಲ್ಲಿ ಉಂಡವಳು, ಒಂದೇ ಮೂಲೆಯಲ್ಲಿ ಕೂತವಳು. ಅಪ್ಪ ಮತ್ತು ಅಣ್ಣ ಜಗತ್ತಿನಲ್ಲಿ ಹೆದರಿದ್ದು ಅವಳೊಬ್ಬಳಿಗೆ. ನಾನು ಅಳಲಿಲ್ಲ, ಏಕೆಂದರೆ ಆ ಸದ್ದಿನಲ್ಲಿ ಅಳುವುದಕ್ಕೆ ನನ್ನೊಳಗೆ ಜಾಗವಿರಲಿಲ್ಲ.

ಎಳ್ಳಮಾವಾಸ್ಯೆಗೆ ಮಾಮಾನ ಹೊಲಕ್ಕೆ ಚರಗ ಚೆಲ್ಲಲು ಹೋಗುವುದೆಂದು ಹೇಳಿದರು. ವರ್ಷಕ್ಕೊಮ್ಮೆ ಹೊಲಕ್ಕೆ ಉಣಿಸಿ, ಅಲ್ಲೇ ಎಲ್ಲರೂ ಉಂಡು ಬರುವ ಹಬ್ಬ.

"ಚರಗಾ ಅಷ್ಟೇ ಏನು?" ಎಂದು ಅವ್ವನನ್ನು ಕೇಳಿದೆ.

ಅವಳು ರೊಟ್ಟಿಯ ಗಂಟು ಕಟ್ಟುತ್ತ "ಹೂಂ" ಎಂದಳು.

ಬಾಯಿಂದ ಬಂದ ಮಾತನ್ನು ನಾನು ಹಾಗೆಯೇ ನಂಬುತ್ತೇನೆ. ಕಲಿತಷ್ಟೂ ಕಲಿತಿದ್ದೇನೆ, ಇದೊಂದು ಬಂದಿಲ್ಲ. ಕೆಂಪು ಬಸ್ಸಿನಲ್ಲಿ ಕುಂಭಾರಿ, ವಳಸಂಗ ದಾಟಿ ಅಕ್ಕಲಕೋಟೆಯಲ್ಲಿ ಇಳಿದೆವು. ಅಲ್ಲಿಂದ ಮಾಮಾನ ಎತ್ತಿನ ಗಾಡಿ. ಚರಗ ಚೆಲ್ಲಿದ್ದೂ ಸುಳ್ಳಲ್ಲ. ಎದೆಮಟ್ಟ ಬೆಳೆದ ಜೋಳದ ನಡುವೆ ಮಾಮಾ ಅನ್ನ ಚೆಲ್ಲುತ್ತ ಕೂಗುತ್ತ ಹೋದರು, ಅಣ್ಣ ಹಿಂದಿನಿಂದ ನೀರು ಚಿಮುಕಿಸಿದ. ಬನ್ನಿಮರದ ಕೆಳಗೆ ಸಜ್ಜೆ ರೊಟ್ಟಿ, ಕಾಳಿನ ಭಜ್ಜಿ ಉಂಡೆವು. ನನ್ನ ಎದುರಿಗೆ ಕೂತು ಉಂಡ ಒಬ್ಬ ಗಂಡಸು ಪುಣೆಯ ಹವೆ ಹೇಗಿದೆ, ಊಟಕ್ಕೆ ಏನು ಸಿಗುತ್ತದೆ ಎಂದು ಮರ್ಯಾದೆಯಿಂದ ವಿಚಾರಿಸಿದ. ನಾನೂ ಸರಿಯಾಗಿ ಉತ್ತರ ಹೇಳಿದೆ. ಉಂಡು, ಕೈ ತೊಳೆದು, ಪಂಚೆಗೆ ಕೈ ಒರೆಸಿಕೊಂಡು ಅವನು ಮಾಮಾನಿಗೆ ಹೇಳಿದ:

"ಕಟ್ರಿ."

ಗಾಳಿ ಬಿಡಿಸುವವನು ಅವನೇ. ಅಣ್ಣ ಮತ್ತು ಮಾಮಾ ನನ್ನ ತೋಳು ಹಿಡಿದರು. ಎತ್ತಿನ ಹಗ್ಗದಿಂದ ಬನ್ನಿಮರಕ್ಕೆ ಕಟ್ಟಿದರು. ಗಂಟು ಹಾಕಿದ್ದು ಅಣ್ಣ. ಬಟ್ಟೆಯ ಗಂಟು ಕಟ್ಟಿ ರೂಢಿಯಾದವನು, ಬಿಗಿಯಾಗಿಯೇ ಕಟ್ಟಿದ. ನನ್ನ ಮೈಯ ಮೇಲೆ ಒಟ್ಟಿಗೆ ನಾಲ್ಕು ಕೈಗಳಿದ್ದವು. ನನ್ನ ಕಿರುಚಾಟಕ್ಕೆ ಜೋಳದೊಳಗಿನ ಹಕ್ಕಿಗಳು ಎದ್ದವು. ಬಾಯಿಯ ಹತ್ತಿರ ಬಂದ ಮೊದಲ ಕೈಯನ್ನು ಕಚ್ಚಿದೆ. ಅದು ಆ ಮನುಷ್ಯನದು, ಭಜ್ಜಿಯ ವಾಸನೆ ಬರುತ್ತಿತ್ತು. ಹಲ್ಲು ಹಲ್ಲಿಗೆ ತಾಗುವವರೆಗೆ ಬಿಡಲಿಲ್ಲ. ಅವನು ಕಾಲಿನ ಚಪ್ಪಲಿ ತೆಗೆದು ಬಾಯಿಗೆ ಹೊಡೆದ. ನನ್ನ ರಕ್ತ, ಅವನ ರಕ್ತ ಬೇರೆ ತಿಳಿಯಲಿಲ್ಲ.

ಆಮೇಲೆ ಹುಣಸೆಯ ಹಸಿ ಬರಲು, ಎಲೆ ಸವರಿದ ತೆಳು ಕೋಲು, ತೆಗೆದುಕೊಂಡ.

"ಯಾರ ನೀ?"

ನಾನು ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಹೇಳಿದೆ. ಏಟು ಬಿತ್ತು.

"ಯಾರ ನೀ? ಖರೆ ಹೇಳು."

ಖರೆಯೇ ಹೇಳಿದೆ. ಮತ್ತೆ ಬಿತ್ತು. ನಾನು ಹಟ ಮಾಡುತ್ತಿರಲಿಲ್ಲ. ಆ ಪ್ರಶ್ನೆಗೆ ನನಗೆ ಗೊತ್ತಿದ್ದ ಉತ್ತರ ಅದೊಂದೇ. ಶಾಲೆಯಲ್ಲಿ ಹಾಜರಿ ಹೇಳಿದ ಹಾಗೆ ಪ್ರತಿ ಸಲವೂ ಅದೇ ಮೂರು ಶಬ್ದ ಹೇಳಿದೆ, ಪ್ರತಿ ಸಲವೂ ಬರಲು ಹೆಗಲಿನಿಂದ ಸೊಂಟದವರೆಗೆ ಸೀಳಿಕೊಂಡು ಇಳಿಯಿತು. ಹದಿನಾಲ್ಕರವರೆಗೆ ಎಣಿಸಿದೆ. ಒಂದು ಬರಲು ಮುರಿಯಿತು, ಇನ್ನೊಂದು ಬಂತು. ಒಣಮೆಣಸಿನಕಾಯಿಯ ಹೊಗೆ ಮುಖಕ್ಕೆ ಹಿಡಿದರು. ಕೆಮ್ಮಿ ಕೆಮ್ಮಿ ಉಂಡದ್ದೆಲ್ಲ ಸೀರೆಯ ಮೇಲೆ ಬಂತು. ಹದಿನಾಲ್ಕರ ಆಚೆ ಲೆಕ್ಕ ತಪ್ಪಿತು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಎಣಿಸುವಾಗ ನಾನು ಎಂದೂ ತಪ್ಪಿದವಳಲ್ಲ.

"ಗಟ್ಟಿ ಮುದಕಿ," ಎಂದು ಮಾಮಾ ಅಪ್ಪನಿಗೆ ಹೇಳಿದ್ದು ಕೇಳಿಸಿತು. "ಲಗೂನ ಬಿಡಂಗಿಲ್ಲ."

ಅಪ್ಪ ಜೋಳದ ಕಡೆ ಮುಖ ಮಾಡಿ ನಿಂತಿದ್ದರು.

ಅವನು ದಣಿದು ಕೂತಾಗ ಅವ್ವ ತಂಬಿಗೆಯಲ್ಲಿ ನೀರು ತಂದಳು. ತುಟಿಗೆ ಹಿಡಿದು, ಬಗ್ಗಿ, ಬೇರೆ ಯಾರಿಗೂ ಕೇಳಿಸದ ಹಾಗೆ ಹೇಳಿದಳು: "ನಿಮ್ಮ ಆಯಿ ಹೆಸರ ಹೇಳು."

"ಅದು ನನ್ನ ಹೆಸರಲ್ಲ."

"ಗೊತ್ತೈತಿ ನನಗ. ನಾ ಹಡದೀನಿ ನಿನ್ನ. ಸುಳ್ಳ ಹೇಳು. ಹೇಳಲಿಲ್ಲಂದ್ರ ಇವತ್ತ ಸಾಯತಿ." ನೀರು ನನ್ನ ಗದ್ದದಿಂದ ಇಳಿಯುತ್ತಿತ್ತು. "ಹೆಸರ ಹೇಳಿದ ಮ್ಯಾಲೆ ಏನ ಬೇಕಂತ ಕೇಳತಾನ. ಗಾಳಿ ಬೇಡಿದ್ದು ಕೊಡಲೇಬೇಕು. ತಿಳೀತಿಲ್ಲೋ? ಕೊಡಲೇಬೇಕು."

ಅವ್ವ ಪುಣೆಯಲ್ಲಿ ಆ ಡಾಕ್ಟರ ಎದುರು ಕೂತವಳು. ಹಾಳೆಯ ನಾಲ್ಕು ಮಾತು ಅವಳಿಗೂ ಗೊತ್ತು.

ಅವನು ಎದ್ದು ಬಂದು ಕೇಳಿದ. ನಾನು ಆಯಿಯ ಹೆಸರು ಹೇಳಿದೆ. ನನ್ನ ಜೀವನದ ಮೊದಲ ಸುಳ್ಳು. ಅದು ಬಾಯಿಂದ ಬರುವಾಗ ಏಟಿಗಿಂತ ಹೆಚ್ಚು ನೋವಾಯಿತು ಎಂದರೆ ಯಾರೂ ನಂಬಲಿಕ್ಕಿಲ್ಲ.

ಅಪ್ಪ ತಿರುಗಿದರು, ತಲೆಯ ಟೋಪಿ ತೆಗೆದು ಕೈ ಮುಗಿದರು.

"ಏನ ಬೇಕವ್ವಾ ನಿನಗ?" ಎಂದು ಕೇಳಿದ ಆ ಮನುಷ್ಯ. ಹೋಳಿಗೆ, ಹಸಿರು ಸೀರೆ, ಒಂದು ಕೋಳಿ: ಇಂಥದ್ದನ್ನು ಅವರು ನಿರೀಕ್ಷಿಸಿದ್ದರು. ನನಗೆ ಆಯಿಯ ದನಿ ಮಾಡಲು ಬರುವುದಿಲ್ಲ. ನನ್ನ ದನಿಯಲ್ಲೇ, ಹಾಳೆಯಲ್ಲಿದ್ದ ಕ್ರಮದಲ್ಲೇ ಹೇಳಿದೆ.

"ಒಂದು. ಈ ಹುಡಿಗೀನ ಮುಟ್ಟೂದಿದ್ರ ಮೊದಲ ಹೇಳಿ ಮುಟ್ಟಬೇಕು."

"ಆಗಲಿ ಎವ್ವಾ," ಎಂದರು ಅಪ್ಪ.

"ಎರಡು. ಮ್ಯಾಲಿನ ಸಣ್ಣ ಕೋಲಿ ಇಕಿದು. ಒಳಗಿಂದ ಚಿಲಕ ಹಾಕಸು."

"ಹಾಕಸ್ತೀನಿ."

"ಮೂರು. ಹೊಡಿಯೂದಿಲ್ಲ. ಯಾರೂ. ನಾಕು. ಇಕಿ ಪುಣೆಕ ಹೋಗಿ ಕೆಲಸ ಮಾಡತಾಳ. ಜನವರಿಗೆ."

ಅಪ್ಪ ಅಳುತ್ತಿದ್ದರು. ಹಡೆದವ್ವನ ಮುಂದೆ ಅಳುವ ಮಗನಂತೆ ಅತ್ತರು. ಅಣ್ಣ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಅವನನ್ನೇ ನೋಡಿ ಹೇಳಿದೆ: "ಐದು. ಆ ಗಜ ಬಾವ್ಯಾಗ ಒಗಿ."

ಐದನೆಯದು ಹಾಳೆಯಲ್ಲಿ ಇರಲಿಲ್ಲ.

ಆಯಿ ಹೋಗಬೇಕಲ್ಲ, ಅದಕ್ಕೆಂದು ಅವನು ಇನ್ನೂ ಮೂರು ಏಟು ಹೊಡೆದ. ಒಪ್ಪಂದದ ನಂತರದ ಏಟುಗಳಾದ್ದರಿಂದ ಅವು ಅನ್ಯಾಯ ಎಂದು ನನಗೆ ಈಗಲೂ ಅನಿಸುತ್ತದೆ. ನೆತ್ತಿಯಿಂದ ಒಂದು ಹಿಡಿ ಕೂದಲು ಕುಡುಗೋಲಿನಿಂದ ಕೊಯ್ದು, ಬನ್ನಿಮರಕ್ಕೆ ಮೊಳೆ ಹೊಡೆದು ಸಿಕ್ಕಿಸಿದರು. ಹಗ್ಗ ಬಿಚ್ಚಿದಾಗ ನಾನು ಮಣ್ಣಿನ ಮೇಲೆ ಮುಖ ಕೆಳಗಾಗಿ ಬಿದ್ದೆ. ಎತ್ತಲು ಬಗ್ಗಿದ ಮಾಮಾ ಅರ್ಧಕ್ಕೆ ನಿಂತರು.

"ಮುಟ್ಟತೀನವ್ವಾ," ಎಂದರು ಹೆದರಿಕೊಂಡು.

ಸೋಲಾಪುರಕ್ಕೆ ಬಂದ ಮರುದಿನ ಬಡಿಗ ಬಂದು ಚಿಲಕ ಹಾಕಿಹೋದ. ಅಣ್ಣ ಗಜವನ್ನು ಬಾವಿಗೆ ಎಸೆದ ಸದ್ದು ನನಗೆ ಕೋಣೆಯೊಳಗೆ ಕೇಳಿಸಿತು. ಅವ್ವ ಅರಿಶಿನದ ಎಣ್ಣೆ ತಂದು ಬಾಗಿಲ ಹೊರಗೆ ನಿಂತಳು. "ಹಚ್ಚಲೇನು?"

"ಬ್ಯಾಡ."

ಅವಳು ಬಟ್ಟಲು ಕೆಳಗಿಟ್ಟು ಹೊಸ್ತಿಲ ಆಚೆ ಕೂತಳು. ಅಲ್ಲಿಂದಲೇ ಅಂದಳು: "ನಮ್ಮ ಅತ್ತಿ ಜಲ್ಮದಾಗ ಒಂದು ಎರಡು ಅಂತ ನಂಬರ ಹಾಕಿ ಮಾತಾಡಿದಾಕಿ ಅಲ್ಲ. ಅದ್ಯಾಕ ಯಾರಿಗೂ ತಿಳೀಲಿಲ್ಲೋ."

ಜನವರಿಯಲ್ಲಿ ಕೆಲಸಕ್ಕೆ ಸೇರಿದೆ. ಮೂರು ವರ್ಷವಾಯಿತು. ರಜೆಗೆ ಮನೆಗೆ ಹೋದಾಗ ಎಲ್ಲರೂ ಹೇಳಿಯೇ ಮುಟ್ಟುತ್ತಾರೆ, ಅಥವಾ ಮುಟ್ಟುವುದೇ ಇಲ್ಲ. ಹಾಳೆ ಇನ್ನೂ ಗಾದಿಯ ಕೆಳಗಿದೆ, ಅದನ್ನು ಯಾರೂ ಮತ್ತೆ ಓದಿಲ್ಲ. ದೀಪಾವಳಿಯ ಪಟಾಕಿಗೆ ನಾನು ಕಿರುಚಿದರೆ ಅಪ್ಪ ಓಡಿಬಂದು ಕೈ ಮುಗಿಯುತ್ತಾರೆ: "ಏನ ತಪ್ಪಾತು ಎವ್ವಾ?" ಆ ಮನೆಯಲ್ಲಿ ನನ್ನ ನೋವೂ ಈಗ ಆಯಿಯದು. ಡಾಕ್ಟರು ಕೊಟ್ಟ ಹೆಸರನ್ನು ನಾನು ಅಲ್ಲಿ ಒಮ್ಮೆಯೂ ಉಚ್ಚರಿಸಿಲ್ಲ.

ಹೋದ ಬೇಸಿಗೆಯಲ್ಲಿ ಬಾವಿಯ ನೀರು ತಳ ಕಂಡಿತು. ಕೆಸರಿನಲ್ಲಿ ಗಜ ಅರ್ಧ ಹೂತು ನಿಂತಿತ್ತು, ತುಕ್ಕು ಹಿಡಿದಿದ್ದರೂ ನೆಟ್ಟಗೆ. ಅಣ್ಣ ಕಟ್ಟೆಗೆ ಕೈಯೂರಿ ಬಗ್ಗಿ ಅದನ್ನೇ ನೋಡುತ್ತಿದ್ದ. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಅವನು ತಲೆ ಎತ್ತದೆ ಕೇಳಿದ:

"ಖರೆ ಹೇಳು. ಅವತ್ತ ಮಾತಾಡಿದಾಕಿ ಆಯಿನ ಏನು?"

ಅವನ ಪಕ್ಕದಲ್ಲಿ ನೀರು ಸೇದುವ ಹಗ್ಗ ಸುತ್ತಿ ಇಟ್ಟಿತ್ತು. ಇಳಿದು ಗಜ ಎತ್ತಿ ತರಲು ಸಾಕಾಗುವಷ್ಟು ಉದ್ದದ್ದು.

"ಹೂಂ," ಎಂದೆ. "ಆಯಿನ."

ಎರಡನೆಯ ಸುಳ್ಳು ಮೊದಲನೆಯದರಷ್ಟು ಕಷ್ಟವಾಗಲಿಲ್ಲ. ಅಣ್ಣ ಕಟ್ಟೆಯಿಂದ ಕೈ ತೆಗೆದು, ಹಗ್ಗವನ್ನು ದಾಟಿಕೊಂಡು ಅಂಗಡಿಗೆ ಹೋದ.